ಜರ್ಮನ್ ದೋಣಿಯ ಉಪ್ಪು

ಸರ್ಕಾರದ ದೋಣಿಯನ್ನು ಲಾರಿಯಿಂದ ಇಳಿಸಿ ನೀರಿಗೆ ಬಿಟ್ಟ ದಿನ ಇಂಜಿನಿಯರ್ ಸಾಹೇಬ ಹೊರಡುವ ಮುಂಚೆ ಒಂದು ಮಾತು ಹೇಳಿದ. "ಇದು ಅಲ್ಯುಮಿನಿಯಂ. ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಉಪ್ಪುನೀರು ಇದಕ್ಕೆ ಆಗಿಬರುವುದಿಲ್ಲ. ಅದೊಂದರಿಂದ ಕಾಪಾಡಿಕೊಂಡರೆ ನಿಮ್ಮ ಮೊಮ್ಮಕ್ಕಳೂ ಇದರಲ್ಲೇ ದಾಟಬಹುದು."

ದಂಡೆಯ ಮೇಲೆ ಸೇರಿದ್ದ ಜನ ನಕ್ಕುಬಿಟ್ಟರು. ನಮ್ಮದು ಭೀಮಾ ಹೊಳೆ. ಸಮುದ್ರ ನೋಡಿದವರು ನಮ್ಮೂರಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ನಾನೂ ನಕ್ಕೆ. ನಗದೆ ನಿಂತವನು ನನ್ನ ತಮ್ಮ ಧರ್ಮಣ್ಣ ಒಬ್ಬನೇ. ಆ ದೋಣಿಗೆ ಅಂಬಿಗನೆಂದು ಸಾಹೇಬ ಅವನ ಹೆಸರನ್ನು ಆಗಷ್ಟೇ ಎಲ್ಲರೆದುರಿಗೆ ಹೇಳಿದ್ದ. ಉಪ್ಪುನೀರಿನ ಮಾತು ಅವನ ತಲೆಯೊಳಗೆ ಹೊಕ್ಕು ಕೂತಿತು, ನಮ್ಮ ಮನೆಯ ನೆಮ್ಮದಿ ಅವತ್ತೇ ಎದ್ದು ಹೋಯಿತು.

ಇದು ಎಂಬತ್ತೈದನೇ ಇಸವಿಯ ಸುದ್ದಿ. ನಮ್ಮೂರು ಘತ್ತರಗಿಯಿಂದ ಕೆಳಗೆ, ಹೊಳೆಯ ಅಫಜಲಪುರ ದಂಡೆಗಿದೆ. ಎದುರು ದಂಡೆ ಜೇವರ್ಗಿ ತಾಲ್ಲೂಕು. ಊರ ದೊಡ್ಡವರ ಹೊಲಗಳು ಆಚೆ, ದಿನಾ ಲಾರಿ ಓಡಾಡುವ ದೊಡ್ಡ ರಸ್ತೆ ಆಚೆ, ಕೊಟ್ಟ ಹೆಣ್ಣುಮಕ್ಕಳ ಮನೆಗಳೂ ಆಚೆಯೇ. ಹರಗೋಲು ನಡೆಸುತ್ತಿದ್ದ ಮುದುಕ ಸತ್ತ ಮೇಲೆ ದಾಟುವುದು ಬಲು ತ್ರಾಸವಾಗಿತ್ತು. ಹಿಂದಿನ ಮಳೆಗಾಲದಲ್ಲಿ ಹೊಳೆ ಏರಿದಾಗ ನನ್ನ ತಮ್ಮ ಲಾರಿ ಟ್ಯೂಬು ಕಟ್ಟಿಕೊಂಡು ನಡುಗಡ್ಡೆಯಲ್ಲಿ ಸಿಕ್ಕಿಬಿದ್ದ ಮಂದಿಯನ್ನು ಎಳೆದು ತಂದಿದ್ದ. ಅದನ್ನು ನೆನಪಿಟ್ಟುಕೊಂಡೇ ಅಂಬಿಗನ ಕೆಲಸ ಅವನಿಗೆ ಕೊಟ್ಟರು.

ನಾನು ಸಾಬವ್ವ, ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಉಳಿದವಳು. ಧರ್ಮಣ್ಣನ ಹೆಂಡತಿ ಮರೆಮ್ಮ ಬಾಯಿಲ್ಲದ ಹೆಣ್ಣು. ಹೀಗಾಗಿ ಆ ಮನೆಯಲ್ಲಿ ಅವನಿಗೆ ಎದುರಾಡುವ ಕೆಲಸ ನನ್ನದಾಗಿತ್ತು, ನಾನು ಅದನ್ನು ಚೆನ್ನಾಗಿಯೇ ಮಾಡಿದ್ದೇನೆ. ನನ್ನ ಬಾಯಿ ಜೋರು ಎಂದು ಊರು ಹೇಳುತ್ತದೆ. ಹೇಳಲಿ.

ನಮ್ಮ ಕಡೆ ಅಲ್ಯುಮಿನಿಯಂಗೆ ಜರ್ಮನ್ ಅನ್ನುತ್ತಾರೆ. ಜರ್ಮನ್ ಬೋಗುಣಿ, ಜರ್ಮನ್ ಡಬ್ಬಿ. ಇದು ಜರ್ಮನ್ ದೋಣಿಯಾಯಿತು. ಎರಡು ಉದ್ದನೆಯ ಪೊಳ್ಳು ಪೀಪಾಯಿಗಳನ್ನು ಪಕ್ಕಪಕ್ಕ ಮಲಗಿಸಿ, ಅವುಗಳ ಮೇಲೆ ಹಲಗೆಯಂಥ ನೆಲ ಹಾಸಿ, ಸುತ್ತ ಮೊಣಕಾಲೆತ್ತರದ ಕಂಬಿ ಹಾಕಿದ್ದರು. ಬಿಸಿಲು ಬಿದ್ದರೆ ಕಣ್ಣು ಬಿಡಲಾಗದಷ್ಟು ಹೊಳೆಯುತ್ತಿತ್ತು. ನಾವು ಊರ ಹೊರಗಿನ ಓಣಿಯವರು. ಸತ್ತ ದನ ಎಳೆದು ಚರ್ಮ ಸುಲಿಯುವುದು ನಮ್ಮಪ್ಪನ ಕೆಲಸವಾಗಿತ್ತು. ಅಂಥ ಮನೆಯ ಹುಡುಗ ಅಷ್ಟು ಹೊಳೆಯುವ ವಸ್ತುವಿನ ಮೇಲೆ ಗಳ ಹಿಡಿದು ನಿಂತದ್ದನ್ನು ನೋಡಿದಾಗ ನನ್ನ ಎದೆ ಉಬ್ಬಿತ್ತು. ಸುಳ್ಳು ಯಾಕೆ ಹೇಳಲಿ, ಈ ದೋಣಿ ಇರುವ ತನಕ ನಮ್ಮನ್ನು ಯಾರೂ ಹಳೆಯ ಹೆಸರಿನಿಂದ ಕರೆಯುವುದಿಲ್ಲ ಎಂದುಕೊಂಡೆ.

ಆದರೆ ದೋಣಿಗೆ ಜನ ಬೇಕಲ್ಲ. ಮೊದಲ ವಾರ ನಮ್ಮ ಓಣಿಯವರು, ಮುಸಲ್ಮಾನರ ಓಣಿಯವರು ಹತ್ತಿದರು. ಮೇಲಿನ ಓಣಿಯವರು ದಂಡೆಗೆ ಬಂದು, ನೋಡಿ, ದೋಣಿ ಭಾಳ ಛಲೋ ಇದೆ ಎಂದು ಹೊಗಳಿ ಹೋಗುತ್ತಿದ್ದರು. ಆ ಓಣಿಯ ದೊಡ್ಡ ಮನೆ ಜಗದೇವಪ್ಪ ಸಾವಕಾರನದು. ಜಗದೇವಪ್ಪ ಒಳ್ಳೆಯವನೇ. ದಿನಾ ಬೆಳಿಗ್ಗೆ ವಚನ ಹೇಳುವ ಮನೆ. ಅವನ ತಾಯಿ ಗೌರಾಬಾಯಿ ಮಾತ್ರ, ಧರ್ಮ್ಯಾ ಮುಟ್ಟಿದ ದೋಣಿಯಲ್ಲಿ ನಾನು ಹೆಂಗ ಕೂಡಲಿ ಎಂದು ಕೇಳಿದಳಂತೆ. ಆಕೆ ಕೂಡದಿದ್ದರೆ ಆ ಓಣಿಯಲ್ಲಿ ಬೇರೆ ಯಾರೂ ಕೂಡುವ ಹಾಗಿರಲಿಲ್ಲ.

ಅದಕ್ಕೊಂದು ದಾರಿಯನ್ನೂ ಅವರೇ ಹುಡುಕಿದರು. ತಾಮ್ರಕ್ಕೆ ಮೈಲಿಗೆ ಇಲ್ಲ. ದೋಣಿ ಹತ್ತುವ ಜಾಗದಲ್ಲಿ ತಾಮ್ರದ ತಗಡು ಬಡಿಸಿದರೆ, ಅದನ್ನು ತುಳಿದು ಬಂದವರಿಗೆ ದೋಷವಿಲ್ಲ. ಜಗದೇವಪ್ಪ ಸ್ವತಃ ಬಂದು ಮೆಲ್ಲಗೆ ಕೇಳಿದ.

"ಮುದಕಿ ಸಮಾಧಾನಕ್ಕ ಧರ್ಮಣ್ಣ. ತಗಡು ನಂದು, ಬಡಿಸೂ ಖರ್ಚೂ ನಂದು. ನಿನಗೇನೂ ತಕಲೀಫ್ ಇಲ್ಲ."

"ಆಯ್ತ್ರಿ ಸಾವಕಾರ್ರ," ಎಂದ ನನ್ನ ತಮ್ಮ. ಒಂದು ಗಳಿಗೆ ಯೋಚಿಸಲಿಲ್ಲ.

ಅಫಜಲಪುರದಿಂದ ಕಂಚಗಾರ ಬಂದ. ನಮ್ಮ ದಂಡೆಯಲ್ಲಿ ಮೊಣಕಾಲುದ್ದದ ನೀರಿಗೆ ಇಳಿದು ದೋಣಿ ಹತ್ತಬೇಕು. ಅದಕ್ಕೆಂದು ಎಡಗಡೆಯ ಪೀಪಾಯಿಗೆ, ಮೇಲಿನ ಅಂಚಿನಿಂದ ಹಿಡಿದು ನೀರಿನ ಒಳಗಿನ ತನಕ, ಅಗಲವಾದ ತಾಮ್ರದ ತಗಡನ್ನು ಮೈಗೆ ಮೈ ಅಂಟಿಸಿ ಬಡಿದ. ಗೌರಾಬಾಯಿ ಅದರ ಮೇಲೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಅಂಗಾಲು ಪೂರ್ತಿ ಊರಿ ಹತ್ತಿದಳು. ಆಕೆಯ ಹಿಂದೆ ಇಡೀ ಓಣಿ ಹತ್ತಿತು. ಅವತ್ತು ನನ್ನ ತಮ್ಮ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದ.

"ಅವರ ಕಾಲಿಗೆ ತಾಮ್ರ, ನಮ್ಮ ಕೈಗೆ ಗಳ. ಭಾಳ ಛಂದ ಆತು," ಎಂದೆ ನಾನು.

"ಅಕ್ಕಾ, ದೋಣಿ ತುಂಬಿದ್ರ ಸಾಕಿಲ್ಲೇನ್ ನಿನಗ? ಖಾಲಿ ದೋಣಿ ನೋಡಿದ್ರ ಸರ್ಕಾರದವರು ನಾಳಿ ಒಯ್ದ್ ಬಿಡ್ತಾರ."

ಆ ತಗಡನ್ನು ಅವನು ಒಂದು ದಿನವೂ ತುಳಿಯಲಿಲ್ಲ. ಪಕ್ಕದಿಂದ, ಕಂಬಿ ಹಿಡಿದು, ಕಾಲು ಎತ್ತಿಹಾಕಿ ಹತ್ತುತ್ತಿದ್ದ. ಅವನಿಗೆ ಯಾರೂ ಹಾಗೆ ಮಾಡು ಎಂದಿರಲಿಲ್ಲ. ನನಗೆ ಹೆಚ್ಚು ಸಿಟ್ಟು ಬರುತ್ತಿದ್ದುದು ಅದಕ್ಕೇ.

ದೋಣಿ ತುಂಬಿತು, ಅವನಿಗೆ ಉಪ್ಪಿನ ಹುಚ್ಚು ಹತ್ತಿತು. ಊರ ಕೆಳಗೆ ಹೊಳೆ ಸೇರುವ ಹಳ್ಳವೊಂದಿದೆ, ಸವಳು ಹಳ್ಳ. ಕರಿಮಣ್ಣಿನ ಸವಳು ಉಪ್ಪನ್ನು ತೊಳೆದುಕೊಂಡು ಬರುವ ಅದರ ನೀರನ್ನು ದನವೂ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಅದರ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಹಿಂದಿನಿಂದಲೂ ಹರಗೋಲು ಕಟ್ಟುತ್ತಿದ್ದ ಜಾಗ ಆ ಹಳ್ಳದ ಬಾಯಿ. ಇವನು ಅಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ಹಚ್ಚಿ ನೋಡಿ, ಥೂ ಎಂದು ಉಗುಳಿ, ದೋಣಿಯನ್ನು ಮೇಲಕ್ಕೆ, ಕಲ್ಲು ಹೆಚ್ಚಿರುವ ಜಾಗಕ್ಕೆ ಒಯ್ದು ಕಟ್ಟಿದ. ಜನ ಅಷ್ಟು ದೂರ ನಡೆಯಬೇಕಾಯಿತು, ಬೈದರು. ಬೈಸಿಕೊಂಡ.

ನಮ್ಮ ಹೆಂಗಸರು ಮಕ್ಕಳಿಗೆ ದೃಷ್ಟಿ ತೆಗೆದ ಉಪ್ಪನ್ನು ಹರಿಯುವ ನೀರಿಗೆ ಬಿಡುತ್ತಾರೆ. ನಡುಹೊಳೆಗೆ ಬಂದಾಗ ಸೆರಗಿನಿಂದ ಉಪ್ಪು ಬಿಚ್ಚಿ ಚೆಲ್ಲುವುದು ರೂಢಿ. ಇವನು ಹತ್ತುವಾಗಲೇ ಒಬ್ಬೊಬ್ಬರನ್ನೂ ನಿಲ್ಲಿಸಿ, "ಸೆರಗಿನ್ಯಾಗ ಉಪ್ಪದ ಏನ್ರಿ ಅವ್ವಾರ?" ಎಂದು ಕೇಳತೊಡಗಿದ. ಪೋಲೀಸನ ಹಾಗೆ. ಉಪ್ಪಿನಕಾಯಿ ಭರಣಿ ಒಯ್ಯುವವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂಡಬೇಕು. ಸಂಜೆ ಕೊನೆಯ ದಾಟು ಮುಗಿದ ಮೇಲೆ ಕೊಡಗಟ್ಟಲೆ ಹೊಳೆ ನೀರು ಸುರಿದು ದೋಣಿ ತೊಳೆಯುವುದು, ಒಣಬಟ್ಟೆಯಿಂದ ಒರೆಸುವುದು, ಕುಸುಬಿ ಎಣ್ಣೆ ಹಚ್ಚುವುದು. ಒಗ್ಗರಣೆಗೆ ಇಲ್ಲದ ಎಣ್ಣೆ ದೋಣಿಗೆ ಹೋಗುತ್ತಿತ್ತು. ಉಣ್ಣಲು ಕೂತವನು ತುತ್ತು ಕೈಯಲ್ಲಿದ್ದಾಗಲೇ ಏನೋ ನೆನಪಾಗಿ ಎದ್ದು ಹೊಳೆಗೆ ಓಡುತ್ತಿದ್ದ. ಯಾರದಾದರೂ ಮದುವೆಗೆ ಹೋದರೆ ಅಕ್ಕಿಕಾಳು ಬೀಳುವ ಮುಂಚೆ ಹಿಂದಿರುಗುತ್ತಿದ್ದ. ಅವನ ಜತೆಗೆ ನಮಗೂ ಒಂದು ಕಡೆ ಕೂತು ಉಸಿರು ಬಿಡಲು ಆಗುತ್ತಿರಲಿಲ್ಲ.

ಇನ್ನು ಬುರಾನುದ್ದೀನನ ವಿಷಯ ಹೇಳಬೇಕು. ಅವನು ಚರ್ಮದ ವ್ಯಾಪಾರಿ. ಸೈಕಲ್ ಮೇಲೆ ಆಳಂದದ ಕಡೆ ಹಿರೋಳ್ಳಿ, ಕಿಣ್ಣಿ ಸುಲ್ತಾನದ ತನಕ ತಿರುಗಿ ಕುರಿ, ಆಡಿನ ಚರ್ಮ ಕೂಡಿಸಿ, ಕೆಡದ ಹಾಗೆ ಉಪ್ಪು ತುಂಬಿ, ಮಡಚಿ, ಗಂಟು ಕಟ್ಟಿ ಆಚೆ ದಂಡೆಯ ರಸ್ತೆಗೆ ಬರುವ ಲಾರಿಗೆ ಹಾಕುತ್ತಿದ್ದ. ಅವರಪ್ಪ, ನಮ್ಮಪ್ಪ ಇದೇ ದಂಧೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟವರು. ನಮ್ಮಪ್ಪ ಸತ್ತಾಗ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ, ಬುರಾನುದ್ದೀನನ ಹೆಂಡತಿ ಬಾನುಬಿ ಊಟ ತಂದು ಹಾಕಿದಳು. ಅವನೂ ಧರ್ಮಣ್ಣನೂ ಹೊಳೆಯಲ್ಲಿ ಕೂಡಿ ಈಜು ಕಲಿತವರು. ಟ್ಯೂಬು ಕಟ್ಟಿಕೊಂಡು ನಡುಗಡ್ಡೆಗೆ ಹೋದ ದಿನ ಹಗ್ಗದ ಇನ್ನೊಂದು ತುದಿ ಹಿಡಿದು ದಂಡೆಯಲ್ಲಿ ನಿಂತವನೂ ಅವನೇ. ಅದು ಸಾಹೇಬನಿಗೆ ಯಾರೂ ಹೇಳಲಿಲ್ಲ, ಬುರಾನುದ್ದೀನನೂ ಹೇಳಲಿಲ್ಲ.

ಜರ್ಮನ್ ದೋಣಿ ಬಂದ ಮೇಲೆ ಅವನ ಗಂಟುಗಳನ್ನು ಬಲಗಡೆಯ ಹಿಂದಿನ ಮೂಲೆಯಲ್ಲಿ ಇಡುತ್ತಿದ್ದರು. ಗಂಟಿನಿಂದ ಉಪ್ಪುನೀರು ಜಿನುಗಿ ಬಲಗಡೆಯ ಪೀಪಾಯಿಯ ಮೇಲೆ ಇಳಿಯುತ್ತಿತ್ತು. ನನ್ನ ತಮ್ಮನಿಗೆ ಅದನ್ನು ನೋಡಿದರೆ ಜೀವ ಹೋದ ಹಾಗಾಗುತ್ತಿತ್ತು. ಬುರಾನುದ್ದೀನ ಅದನ್ನು ತಿಳಿದು ಕೆಳಗೆ ತಾಡಪಾಲು ಹಾಸತೊಡಗಿದ, ಇಳಿಯುವ ಮುಂಚೆ ತಾನೇ ಕೊಡ ಹಿಡಿದು ಆ ಮೂಲೆ ತೊಳೆಯತೊಡಗಿದ. ವಾಸನೆ ಇತ್ತು, ಇಲ್ಲವೆಂದಲ್ಲ. ಮೇಲಿನ ಓಣಿಯವರು ಮೂಗಿಗೆ ಸೆರಗು ಹಿಡಿದು ಧರ್ಮಣ್ಣನ ಕಡೆ ನೋಡುತ್ತಿದ್ದರು. ಚರ್ಮ ಯಾರದೇ ಇರಲಿ, ಅವರು ನೋಡುತ್ತಿದ್ದುದು ಇವನನ್ನು.

ಎರಡನೇ ಮಳೆಗಾಲ ಕಳೆದ ಮೇಲೆ ಎಡಗಡೆಯ ಪೀಪಾಯಿಗೆ ಸುಣ್ಣದ ಪುಡಿಯಂಥದ್ದು ಕಾಣಿಸಿತು. ಒರೆಸಿದರೆ ಹೋಗುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು. ಪುಡಿ ಒರೆಸಿದ ಜಾಗದಲ್ಲಿ ಸಿಡುಬಿನ ಕಲೆಯ ಹಾಗೆ ಸಣ್ಣ ಸಣ್ಣ ಗುಳಿ. ನನ್ನ ತಮ್ಮನ ಮುಖ ಬೂದಿಯಾಯಿತು. ಆ ವಾರವೇ ಬುರಾನುದ್ದೀನ ಗಂಟು ತಂದಾಗ ಧರ್ಮಣ್ಣ ದೋಣಿಗೆ ಅಡ್ಡ ನಿಂತ. ನಾನು ಅಲ್ಲೇ ಬಟ್ಟೆ ಒಗೆಯುತ್ತಿದ್ದೆ.

"ಬುರಾನ, ಇವತ್ತಿಂದ ಇದು ಬ್ಯಾಡ."

"ಯಾಕೋ?"

"ಉಪ್ಪು. ದೋಣಿ ತಿನ್ನಾಕತ್ತದ. ಸಾಹೇಬ್ರು ಮೊದಲೇ ಹೇಳಿದ್ರು. ನೌಕರಿ ಹೋಗ್ತದ ನಂದು."

ಬುರಾನುದ್ದೀನ ಗಂಟು ಕೆಳಗೆ ಇಡದೆ ಕೇಳಿದ, "ನಾ ತೊಳಿತೇನಿ ಅಲ್ಲ ದಿನಾ?"

"ತೊಳದ್ರ ಹೋಗಾಂಗಿಲ್ಲ ಅದು."

"ಉಪ್ಪೇನು, ಮತ್ತೇನರ ಅದ?"

ಮೇಲಿನ ಓಣಿಯ ನಾಲ್ಕಾರು ಜನ ಆಗಲೇ ದೋಣಿಯಲ್ಲಿ ಕೂತಿದ್ದರು. ನನ್ನ ತಮ್ಮ ಅವರ ಕಡೆ ನೋಡಲಿಲ್ಲ. "ಉಪ್ಪೇ," ಎಂದ. "ಮತ್ತೇನಿಲ್ಲ."

ಬುರಾನುದ್ದೀನ ತಲೆಯಾಡಿಸಿ, ಗಂಟನ್ನು ಸೈಕಲ್ಲಿಗೆ ಕಟ್ಟಿ, ಬಂದ ದಾರಿಯಲ್ಲೇ ಹೋದ. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಅವತ್ತಿನಿಂದ ಅವನು ಬಾಡಿಗೆ ಗಾಡಿ ಮಾಡಿ, ಘತ್ತರಗಿಯ ಕಡೆಯಿಂದ ಸುತ್ತು ಹಾಕಿ ಚರ್ಮ ಒಯ್ಯಬೇಕಾಯಿತು. ಬೇಸಿಗೆಯಲ್ಲಿ ಅಷ್ಟು ಹೊತ್ತು ಬಿಸಿಲಿಗೆ ಬಿದ್ದ ಚರ್ಮಕ್ಕೆ ಯಾರು ಬೆಲೆ ಕಟ್ಟುತ್ತಾರೆ? ಹಾದಿಯಲ್ಲಿ ಸಿಕ್ಕರೆ ನನ್ನನ್ನು ಮಾತಾಡಿಸುತ್ತಿದ್ದ. ಧರ್ಮಣ್ಣನ ಸುದ್ದಿ ಕೇಳುತ್ತಿರಲಿಲ್ಲ.

ಚರ್ಮ ನಿಂತಿತು, ಬಿಳಿ ಪುಡಿ ನಿಲ್ಲಲಿಲ್ಲ. ಮೂರನೇ ಬೇಸಿಗೆಯ ಹೊತ್ತಿಗೆ ಎಡಗಡೆಯ ಪೀಪಾಯಿಯೊಳಗೆ ನೀರು ಹೋಗಿ ದೋಣಿ ಆ ಕಡೆ ವಾಲತೊಡಗಿತು. ಇವನು ಜನರನ್ನು ಬಲಗಡೆಗೆ ಕೂಡಿಸಿ ವಾಲಿದ್ದು ಕಾಣದ ಹಾಗೆ ಮಾಡುತ್ತಿದ್ದ. "ಜರಾ ಈ ಕಡಿ ಸರೀರಿ, ಈ ಕಡಿ ನೆಳ್ಳದ," ಅನ್ನುತ್ತಿದ್ದ. ಹೊಳೆಯ ನಡುವೆ ನೆರಳೆಲ್ಲಿಂದ ಬರಬೇಕು? ಸಾಹೇಬ ಮಳೆಗಾಲದ ಮುಂಚೆ ದೋಣಿ ನೋಡಲು ಬರುತ್ತಾನಂತೆ, ಕೆಟ್ಟಿದ್ದರೆ ಲಾರಿಗೆ ಹಾಕಿಕೊಂಡು ಹೋಗುತ್ತಾನಂತೆ ಎಂದು ಜಗದೇವಪ್ಪನ ಮನೆಯಿಂದ ಸುದ್ದಿ ಬಂತು. ಧರ್ಮಣ್ಣ ಅವತ್ತು ಮೂರು ಸಲ ಸ್ನಾನ ಮಾಡಿದ. ಏನು ಮಾಡಬೇಕೆಂದು ತಿಳಿಯದೆ ಮಾಡಿದ.

"ದೋಣಿ ಹೋದ್ರ ನಾ ಏನಾಗ್ತೇನಿ ಗೊತ್ತದೇನ್ ಅಕ್ಕಾ?" ಎಂದ. "ಮತ್ತ ನಮ್ಮಪ್ಪನಂಗ ಆಗ್ತೇನಿ. ದನ ಸತ್ತದ ಬಾರಲೇ ಅಂತ ಮುಂಜಾನಿ ಬಾಗಲ ಬಡಿತಾರ."

ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಆ ಕ್ಷಣ ಇಳಿದುಹೋಯಿತು. ಪಾಪ ಅನ್ನಿಸಿತು.

ನಮ್ಮ ಓಣಿಯವರನ್ನು ಕೂಡಿಸಿ ದೋಣಿಯನ್ನು ದಂಡೆಗೆ ಎಳೆದು ಒಂದು ಮಗ್ಗುಲಿಗೆ ಎಬ್ಬಿಸಿ ನಿಲ್ಲಿಸಿದೆವು. ನೀರು ಸೋರಿ ಹೋಯಿತು. ಜನ ಮನೆಗೆ ಹೋದ ಮೇಲೆ ನಾನು ಸುತ್ತಿ ಬಂದು ನೋಡಿದೆ. ಬಲಗಡೆಯ ಪೀಪಾಯಿ, ಚರ್ಮದ ಉಪ್ಪುನೀರು ಸುರಿಯುತ್ತಿದ್ದ ಪೀಪಾಯಿ, ತುಸು ಮಂಕಾಗಿತ್ತು ಅಷ್ಟೇ. ಬೆರಳು ಆಡಿಸಿದರೆ ನುಣ್ಣಗೆ ಜಾರುತ್ತಿತ್ತು. ಎಡಗಡೆಯದು ತಾಮ್ರದ ತಗಡಿನ ಸುತ್ತ, ಅಂಚಿನ ಉದ್ದಕ್ಕೂ, ಗೆದ್ದಲು ತಿಂದ ಹಲಗೆಯಾಗಿತ್ತು. ಮೊಳೆ ಬಡಿದ ಕಡೆಯಲ್ಲೆಲ್ಲ ತೂತು. ತಗಡಿನಿಂದ ಒಂದು ಮೊಳ ದೂರ ಹೋದರೆ ಮತ್ತೆ ಏನೂ ಆಗಿರಲಿಲ್ಲ. ಇದನ್ನು ತಿಳಿಯಲು ಓದಬೇಕಾಗಿರಲಿಲ್ಲ, ಕಣ್ಣಿದ್ದರೆ ಸಾಕಾಗಿತ್ತು.

"ಇಲ್ಲಿ ಬಾ," ಎಂದೆ. "ನೋಡು."

"ನೋಡೇನಿ."

"ಯಾವಾಗ ನೋಡಿದಿ?"

ಅವನಿಗೆ ಗೊತ್ತಿತ್ತು. ಇವತ್ತು ನಿನ್ನೆ ಗೊತ್ತಾದದ್ದಲ್ಲ. ದಿನಾ ಕೈಯಿಂದ ಒರೆಸುವವನಿಗೆ ಪುಡಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಇರುತ್ತದೆಯೇ? ಅವನು ಹೋಗಿ ಡಾಂಬರಿನ ಡಬ್ಬಿ ತಂದು, ಕಾಯಿಸಿ, ತಗಡಿನ ಅಂಚಿನ ಸುತ್ತ ಬಳಿಯತೊಡಗಿದ.

"ತಗಡ ಕಿತ್ತೊಗಿಲೇ," ಎಂದೆ.

"ಕಿತ್ತರ ನಾಳಿಂದ ಅವರು ಹತ್ತಾಂಗಿಲ್ಲ."

"ಕೀಳಲಿಲ್ಲಂದ್ರ ದೋಣೀನ ಇರಾಂಗಿಲ್ಲ."

"ಡಾಂಬರ ಹಚ್ಚಾಕತ್ತೇನಲ್ಲ. ಸುಮ್ಕ ಇರು."

"ಹಂಗಾದ್ರ ಬುರಾನನ್ನ ಯಾಕ ಹೊರಗ ಹಾಕಿದಿ? ನಿನಗ ಗೊತ್ತಿತ್ತಲ್ಲ."

"ಆವಾಗ ಗೊತ್ತಿರಲಿಲ್ಲ ಅಕ್ಕಾ," ಎಂದ. ಡಾಂಬರು ಬಳಿಯುತ್ತಲೇ, "ಪೂರಾ ಗೊತ್ತಿರಲಿಲ್ಲ," ಎಂದ. ಡಾಂಬರು ಅವನ ಕೈಮೇಲೆ ಸಿಡಿದಿತ್ತು, ಒರೆಸಿಕೊಳ್ಳಲೂ ಇಲ್ಲ. ನನಗೆ ಅವನ ಬೆನ್ನಿಗೆ ಎರಡು ಬಾರಿಸಬೇಕು ಅನ್ನಿಸಿತು, ಅವನನ್ನು ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡೂ ಮಾಡದೆ ಮನೆಗೆ ಬಂದೆ.

ಸಾಹೇಬ ಬಂದ ದಿನ ಊರೆಲ್ಲ ಹೊಳೆದಂಡೆಗೆ ಬಂದಿತ್ತು. ಅವನ ಜತೆ ಒಬ್ಬ ಫಿಟ್ಟರ್, ಒಂದು ಲಾರಿ. ಲಾರಿ ನೋಡಿದ್ದೇ ನನ್ನ ತಮ್ಮ ಬಟ್ಟೆ ಹಿಡಿದು ಒರೆಸಿದ ದೋಣಿಯನ್ನೇ ಮತ್ತೆ ಒರೆಸತೊಡಗಿದ. ಮೂರು ವರ್ಷದಲ್ಲಿ ಸಾಹೇಬನ ಕೂದಲು ತುಸು ಉದುರಿತ್ತು, ಮಾತು ಮಾತ್ರ ಹಾಗೇ ಮೆತ್ತಗಿತ್ತು. ದೋಣಿಯನ್ನು ಸುತ್ತು ಹಾಕಿ, ಡಾಂಬರಿನ ಹತ್ತಿರ ಕೂತು, ಉಗುರಿನಿಂದ ಕೆರೆದ. ಡಾಂಬರಿನ ಪದರು ಬಿಳಿ ಪುಡಿಯ ಸಮೇತ ಎದ್ದು ಬಂತು.

"ಇಲ್ಲಿ ತಾಮ್ರ ಹಾಕಿದವರು ಯಾರು?"

ಜಗದೇವಪ್ಪ ಮುಂದಿನ ಸಾಲಿನಲ್ಲೇ ನಿಂತಿದ್ದ, ಪಕ್ಕದಲ್ಲಿ ಗೌರಾಬಾಯಿ ಕೊಡೆ ಹಿಡಿದು ನಿಂತಿದ್ದಳು.

"ಹೇಳಿ ಧರ್ಮಣ್ಣ. ತಾಮ್ರ ಅಂಟಿಸಿ ನೀರಲ್ಲಿಟ್ಟರೆ ಅದು ಅಲ್ಯುಮಿನಿಯಂ ಅನ್ನು ತಿಂದುಹಾಕುತ್ತದೆ. ಉಪ್ಪುನೀರು ಅಂತ ಮಾತ್ರ ಹೇಳಿ ಹೋದೆ, ಇದನ್ನೂ ಹೇಳಬೇಕಿತ್ತು. ದೋಣಿಗೆ ಯಾರಾದರೂ ತಾಮ್ರ ಹೊಡೆಯುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ಯಾಕೆ ಹಾಕಿದಿರಿ?"

ಚಂದಕ್ಕೆ ಹಾಕಿದೆ ಎಂದರೆ ಮುಗಿಯುತ್ತಿತ್ತು. ಪೂಜೆಗೆ ಎಂದರೂ ಮುಗಿಯುತ್ತಿತ್ತು. ಅವನು ಅಂಥದ್ದೇ ಏನಾದರೂ ಹೇಳುತ್ತಾನೆಂದು ನಾನು ತಿಳಿದಿದ್ದೆ, ಮುಂದಿನ ಸಾಲಿನವರೂ ತಿಳಿದಿದ್ದರು. ಅವನು ಲಾರಿಯನ್ನು ನೋಡಿದ, ಆಮೇಲೆ ಬಲಗಡೆಯ ಪೀಪಾಯಿಯನ್ನು ನೋಡಿದ.

"ಚರ್ಮದ ಉಪ್ಪಿನಿಂದ ಆಗಿದ್ದಲ್ಲೇನ್ರಿ ಇದು?" ಎಂದು ಕೇಳಿದ.

"ಚರ್ಮ ಇಡುತ್ತಿದ್ದದ್ದು ಎಲ್ಲಿ?"

"ಆ ಬಲಗಡಿ ಮೂಲಿಗ್ರಿ."

ಸಾಹೇಬ ಹೋಗಿ ಅದನ್ನೂ ಕೈಯಾಡಿಸಿ ನೋಡಿದ. "ಇಲ್ಲ. ತೊಳೆದಿದ್ದೀರಿ, ಇದಕ್ಕೇನೂ ಆಗಿಲ್ಲ."

ಧರ್ಮಣ್ಣ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ಹೇಳಿದ. "ನಾ ಮುಟ್ಟಿದ ದೋಣ್ಯಾಗ ಕೂಡಾಕ ಆಗಾಂಗಿಲ್ಲ ಅಂದ್ರು ಮ್ಯಾಲಿನ ಓಣ್ಯಾವರು. ತಾಮ್ರ ತುಳದ್ ಬಂದ್ರ ನಡೀತದ ಅಂದ್ರು. ಅವರು ಕೂಡಲೀ ಅಂತ ನಾನೂ ಹೂಂ ಅಂದೆ. ಅದಕ್ಕ ಹಾಕಿದ್ದ್ರಿ."

ಗಟ್ಟಿಯಾಗಿ ಹೇಳಲಿಲ್ಲ. ಆದರೂ ಕೊನೆಯ ಸಾಲಿನ ತನಕ ಕೇಳಿಸಿತು. ಜಗದೇವಪ್ಪ ಹೊಳೆಯ ಕಡೆಗೆ ಮುಖ ಮಾಡಿದ. ಸಾಹೇಬ ಜೇಬಿನಲ್ಲಿ ಏನೋ ಹುಡುಕಿದ, ಸಿಗಲಿಲ್ಲ. "ತೆಗೀರಿ ಅದನ್ನು," ಎಂದ.

ಫಿಟ್ಟರ್ ಉಳಿ ತೆಗೆಯುವಷ್ಟರಲ್ಲಿ ನನ್ನ ತಮ್ಮ ಅದನ್ನು ಇಸಿದುಕೊಂಡು ತಾನೇ ಮೊಳೆಗಳನ್ನು ಎಬ್ಬಿಸಿದ. ತಗಡು ಹಸಿರುಗಟ್ಟಿತ್ತು. ಅದನ್ನು ಒಯ್ದು ಗೌರಾಬಾಯಿಯ ಮುಂದೆ, ಕೈಗೆ ಕೈ ತಾಗದ ಹಾಗೆ, ಮರಳಿನ ಮೇಲೆ ಇಟ್ಟ. "ನಿಮ್ಮದ್ರಿ ಅವ್ವಾರ," ಎಂದ. ಆಕೆ ಸೊಸೆಯಂದಿರನ್ನು ಕರೆದುಕೊಂಡು ಮನೆಯ ಕಡೆ ಹೊರಟಳು. ತಗಡು ಅಲ್ಲೇ ಬಿದ್ದಿತ್ತು.

ಫಿಟ್ಟರ್ ತೂತುಗಳ ಮೇಲೆ ರಬ್ಬರ್ ಇಟ್ಟು, ಜರ್ಮನ್ ತಗಡಿನ ತೇಪೆ ಬಡಿದ. ದೋಣಿ ನೀರಿಗಿಳಿಯಿತು. ಈಗ ಭಾರ ತುಂಬಿಕೊಂಡು ಆಚೆ ದಂಡೆಗೆ ಹೋಗಬೇಕು, ಸಾಹೇಬನೂ ಬರುತ್ತಾನೆ. ತೇಪೆ ತಡೆದರೆ ದೋಣಿ ಇಲ್ಲೇ ಇರುತ್ತದೆ, ನೀರು ಒಳಗೆ ಬಂದರೆ ಲಾರಿ ಹತ್ತುತ್ತದೆ. ಸಾಹೇಬ ಜನರ ಕಡೆ ತಿರುಗಿ ಹತ್ತಿರಿ ಎಂದ. ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಕೂಲಿಗೆ ಹೋಗದೆ ಉಳಿದವರು ಐದಾರು ಹೆಂಗಸರು. ಅವರು ಹತ್ತಿದರು, ಮರೆಮ್ಮ ಹತ್ತಿದಳು. ಮೇಲಿನ ಓಣಿಯವರು ಯಾರೂ ಕಾಲೆತ್ತಲಿಲ್ಲ.

"ಇಷ್ಟು ಭಾರ ಸಾಲದು," ಎಂದ ಸಾಹೇಬ.

ಧರ್ಮಣ್ಣ ನನ್ನ ಹತ್ತಿರ ಬಂದ. "ಅಕ್ಕಾ, ಬುರಾನನ್ನ ಕರಿ. ಗಂಟು ತರಾಕ ಹೇಳು."

"ನೀ ಹೋಗು."

"ಸಾಹೇಬ್ರು ನಿಂತಾರ. ದೋಣಿ ಬಿಟ್ಟು ಹೆಂಗ ಹೋಗ್ಲಿ?"

ನಾನೇ ಹೋದೆ. ಬುರಾನುದ್ದೀನನ ಅಂಗಳದಲ್ಲಿ ಗಂಟುಗಳು ಸಾಲಾಗಿದ್ದವು, ಬಾಡಿಗೆ ಗಾಡಿ ನಿಂತಿತ್ತು. ಸುತ್ತು ಹಾದಿಗೆ ಹೊರಡಲು ಎತ್ತು ಕಟ್ಟುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ತಗಡು ಕಿತ್ತದ್ದು, ಉಪ್ಪಿನ ತಪ್ಪಿಲ್ಲವೆಂದು ಸಾಹೇಬ ಎಲ್ಲರೆದುರಿಗೆ ಹೇಳಿದ್ದು. ಬಾಗಿಲಲ್ಲಿ ನಿಂತಿದ್ದ ಬಾನುಬಿ ಗಂಡನನ್ನೇ ನೋಡುತ್ತಿದ್ದಳು. ಅವನು ಎತ್ತಿನ ಕೊರಳು ಸವರಿದ.

"ನೀ ಬಂದಿ ಅಂತ ಬರ್ತೇನಿ ಯಕ್ಕಾ," ಎಂದ.

ಗಾಡಿ ದಂಡೆಗೆ ಬಂತು. ಗಂಟುಗಳನ್ನು ಬುರಾನುದ್ದೀನ ಒಬ್ಬನೇ ಇಳಿಸಿದ, ಒಬ್ಬನೇ ಹೊತ್ತು ದೋಣಿಯಲ್ಲಿ ಇಟ್ಟ. ಕೊನೆಯ ಗಂಟು ಇಟ್ಟು ನೆಟ್ಟಗೆ ನಿಂತು ಧರ್ಮಣ್ಣನ ಮುಖ ನೋಡಿದ.

"ಭಾರ ಬೇಕಾಗೇದಂತ ಕರದಿ. ಹೌದಿಲ್ಲೋ?"

ಅದು ಖರೆ ಇತ್ತು. ಸಾಹೇಬನಿಗೆ, ಸಾವಕಾರನಿಗೆ, ಊರಿಗೆ ಉತ್ತರ ಕೊಟ್ಟ ನನ್ನ ತಮ್ಮ ಗಳ ಎತ್ತಿ ದಂಡೆಗೆ ಊರಿ ದೋಣಿ ತಳ್ಳಿದ. ನಾನೂ ಹತ್ತಿ ಗಂಟುಗಳ ಪಕ್ಕ ಕೂತೆ.

ಹೊಳೆ ಅವತ್ತು ಶಾಂತವಾಗಿತ್ತು, ನಮಗೆ ಯಾರಿಗೂ ಶಾಂತಿ ಇರಲಿಲ್ಲ. ಫಿಟ್ಟರ್ ಬೋರಲು ಮಲಗಿ ತೇಪೆಗಳನ್ನೇ ನೋಡುತ್ತಿದ್ದ. ಬುರಾನುದ್ದೀನ ನಮಗೆ ಬೆನ್ನು ಹಾಕಿ ಆಚೆ ದಂಡೆಯನ್ನು ನೋಡುತ್ತ ಕೂತಿದ್ದ. ಧರ್ಮಣ್ಣ ಗಳ ಹಾಕುತ್ತ ಆ ಬೆನ್ನನ್ನೇ ನೋಡುತ್ತಿದ್ದ. ಉಪ್ಪುನೀರು ಗಂಟಿನಿಂದ ಇಳಿದು ನೆಲದ ಮೇಲೆ ಹರಿದು ಅವನ ಕಾಲಿನ ತನಕ ಬಂತು. ಹಿಂದಿನ ದಿನವಾಗಿದ್ದರೆ ಒರೆಸುವ ಬಟ್ಟೆಗೆ ಓಡುತ್ತಿದ್ದ.

ದೋಣಿ ಆಚೆ ದಂಡೆಗೆ ತಾಗಿತು. ಫಿಟ್ಟರ್ ಎದ್ದು ಕೂತು, "ಒಂದು ಹನಿ ಬಂದಿಲ್ಲ ಸರ್," ಎಂದ. ಹೆಂಗಸರು ನಕ್ಕರು, ಮರೆಮ್ಮ ಕಣ್ಣೊರೆಸಿಕೊಂಡಳು. ಸಾಹೇಬ ಧರ್ಮಣ್ಣನ ಹೆಗಲು ತಟ್ಟಿ, "ದೋಣಿ ನಿಮ್ಮಲ್ಲೇ ಇರುತ್ತದೆ," ಎಂದ. ಮೂರು ವರ್ಷ ಉಣ್ಣದೆ, ಕೂಡದೆ ಅವನು ಕಾದಿದ್ದ ಮಾತು ಅದು. ಅವನಿಗೆ ಕೇಳಿಸಿತೋ ಇಲ್ಲವೋ.

ಬುರಾನುದ್ದೀನ ಗಂಟುಗಳನ್ನೆಲ್ಲ ದಂಡೆಗೆ ಇಳಿಸಿ, ಒಂದನ್ನು ಹೆಗಲಿಗೇರಿಸಿ, ಲಾರಿ ನಿಲ್ಲುವ ರಸ್ತೆಯ ಕಡೆ ಏರು ಹತ್ತತೊಡಗಿದ್ದ. ಹೋಗುತ್ತೇನೆ ಎನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಧರ್ಮಣ್ಣ ಗಳವನ್ನು ಕೈಬಿಟ್ಟ. ಹಗ್ಗ ಕಟ್ಟಲಿಲ್ಲ. ಕೆಳಗೆ ಧುಮುಕಿ, ಬಿದ್ದಿದ್ದ ಗಂಟುಗಳಲ್ಲಿ ಒಂದನ್ನು ಎರಡೂ ಕೈಯಿಂದ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಅವನ ಹಿಂದೆ ಹತ್ತಿದ. ಚರ್ಮ ಮುಟ್ಟಬಾರದೆಂದು ಅಂಬಿಗನಾದವನು, ನಮ್ಮೂರ ದಂಡೆಯಲ್ಲಿ ಇಡೀ ಊರು ನಿಂತು ನೋಡುತ್ತಿರುವಾಗ, ಸಾಹೇಬನ ಎದುರಿಗೇ ಚರ್ಮ ಹೊತ್ತು ನಡೆದ. ಉಪ್ಪುನೀರು ಅವನ ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು.

ದೋಣಿ ಮೆಲ್ಲಗೆ ಹಿಂದೆ ಸರಿಯತೊಡಗಿತು. ನಾನು ನೀರಿಗಿಳಿದು ಹಗ್ಗ ಹಿಡಿದೆ.

"ಎಲ್ಲಿಗೆ ಹೋದರು ಅವರು? ದೋಣಿ ಬಿಟ್ಟು?" ಎಂದ ಸಾಹೇಬ.

"ಬರ್ತಾನ್ರಿ. ಅಲ್ಲೀತನಕ ನಾ ಹಿಡಕೊಂಡಿರ್ತೇನಿ."

ಏರಿನ ಅರ್ಧದಲ್ಲಿ ಬುರಾನುದ್ದೀನ ನಿಂತ. ತಿರುಗಿ ನೋಡಿದ. ಇವನೂ ನಿಂತ. ಅಷ್ಟು ದೂರದಿಂದ ಮಾತೇನೂ ಕೇಳಿಸಲಿಲ್ಲ, ಮಾತಾಡಿದರೋ ಇಲ್ಲವೋ ಅದೂ ಗೊತ್ತಿಲ್ಲ. ಬುರಾನುದ್ದೀನ ಒಂದು ಕೈ ಚಾಚಿ, ನನ್ನ ತಮ್ಮನ ತಲೆಯ ಮೇಲೆ ವಾಲಿದ್ದ ಗಂಟನ್ನು ಸರಿಮಾಡಿ ಕೂಡಿಸಿ, ಮತ್ತೆ ಮುಂದೆ ನಡೆದ. ನನಗೆ ಅಳು ತಡೆಯಲಾಗಲಿಲ್ಲ. ಸಾಹೇಬ ನೋಡಬಾರದೆಂದು ಬಗ್ಗಿ ಹೊಳೆಯ ನೀರನ್ನು ಮುಖಕ್ಕೆ ಹಾಕಿಕೊಂಡೆ.